ಸ್ಕ್ವಾಟರ್: ಬೈಗುಳವಾಗಿದ್ದ ಪದ ದೊಡ್ಡಸ್ತಿಕೆಯಾದ ಕತೆ

ಸ್ಕ್ವಾಟರ್ ಅಂದರೆ ಕುಕ್ಕರಗಾಲಲ್ಲಿ ಕೂತವನು. ಅಲ್ಲಿಂದಲೇ 'ತನ್ನದಲ್ಲದ ಜಾಗದಲ್ಲಿ ಕೂತುಬಿಟ್ಟವನು' ಎಂಬ ಅರ್ಥವೂ ಬಂತು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಕೇಳುವ 'ಒತ್ತುವರಿದಾರ' ಇದಕ್ಕೆ ಹತ್ತಿರದ ಪದ. ಆದರೆ 19ನೇ ಶತಮಾನದ ಆಸ್ಟ್ರೇಲಿಯಾದಲ್ಲಿ ಸ್ಕ್ವಾಟರ್ ಅಂದರೆ ಸಾವಿರಾರು ಕುರಿಗಳ ಸಾಹುಕಾರ. ಎಷ್ಟೋ ಸಲ ಶಾಸನಸಭೆಯ ಸದಸ್ಯ ಕೂಡ.

1829ರಲ್ಲಿ ಅಲ್ಲಿನ ಬ್ರಿಟಿಷ್ ವಸಾಹತು ನ್ಯೂ ಸೌತ್ ವೇಲ್ಸ್‌ನ ಸರ್ಕಾರ 19 ಕೌಂಟಿಗಳ (ಜಿಲ್ಲೆಯಂಥ ವಿಭಾಗಗಳ) ಸುತ್ತ ಗಡಿ ಹಾಕಿತು. ಅದರಾಚೆ ಯಾರೂ ನೆಲೆಸುವಂತಿರಲಿಲ್ಲ. ಆದರೆ ಉಣ್ಣೆಗೆ ಇಂಗ್ಲೆಂಡಿನಲ್ಲಿ ಬೇಡಿಕೆ, ಕುರಿಗೆ ಹುಲ್ಲು ಬೇಕು. ಜನ ಗಡಿ ದಾಟಿದರು. ಹೀಗೆ ಹಿಡಿದ ಮೇವಿನ ನೆಲಕ್ಕೆ 'ರನ್' ಎಂದು ಹೆಸರು. ಬೇಲಿ ಗೀಲಿ ಏನೂ ಇಲ್ಲ. ಒಂದು ಹಳ್ಳ, ಗುಡ್ಡದ ಸಾಲು, ಗುರುತಿಗೆ ತೊಗಟೆ ಕೆತ್ತಿದ ಮರ, ಅಷ್ಟೇ. ರಾತ್ರಿ ಕುರಿಗಳನ್ನು ತಡಿಕೆ ಕಟ್ಟಿದ ಹಟ್ಟಿಯೊಳಗೆ ಕೂಡುತ್ತಿದ್ದರು. ಪಕ್ಕದಲ್ಲೇ ಪೆಟ್ಟಿಗೆಯಂಥ ಪುಟ್ಟ ಗೂಡಿನಲ್ಲಿ ಕಾವಲಿನವನು ಮಲಗುತ್ತಿದ್ದ. ತಡೆಯಲಾಗದ ಸರ್ಕಾರ 1836ರಲ್ಲಿ ವರ್ಷಕ್ಕೆ 10 ಪೌಂಡ್ ಕಟ್ಟಿಸಿಕೊಂಡು ಲೈಸೆನ್ಸ್ ಕೊಡತೊಡಗಿತು. 1847ರ ಆದೇಶದಿಂದ 14 ವರ್ಷದವರೆಗಿನ ಗುತ್ತಿಗೆಗೂ ದಾರಿಯಾಯಿತು.

ಈ ಪದದ ಏಳಿಗೆಯನ್ನು ವಿಲಿಯಂ ಚಾರ್ಲ್ಸ್ ವೆಂಟ್‌ವರ್ತ್‌ನ ಬದುಕಿನಲ್ಲೇ ನೋಡಬಹುದು. ತಾಯಿ ಇಂಗ್ಲೆಂಡಿನಿಂದ ಗಡೀಪಾರಾಗಿ ಬಂದ ಕೈದಿ. 1813ರಲ್ಲಿ ಬ್ಲೂ ಮೌಂಟನ್ಸ್ ದಾಟಿ ಆಚೆಯ ಹುಲ್ಲುಗಾವಲಿಗೆ ದಾರಿ ಕಂಡುಕೊಂಡ ಮೂವರಲ್ಲಿ ಇವನೂ ಒಬ್ಬ. ಶಿಕ್ಷೆ ಮುಗಿಸಿದ ಕೈದಿಗಳ ಹಕ್ಕಿಗಾಗಿ ಹೋರಾಡಿದವನು, 1824ರಲ್ಲಿ ಪತ್ರಿಕೆಯನ್ನೂ ಶುರುಮಾಡಿದ. 1843ರಲ್ಲಿ ಸಿಡ್ನಿಯಿಂದ ಶಾಸನಸಭೆಗೆ ಗೆದ್ದ. ಅಷ್ಟರಲ್ಲಿ ಅವನೇ ದೊಡ್ಡ ಜಮೀನ್ದಾರ. ಮರುವರ್ಷ ಗವರ್ನರ್ ಗಿಪ್ಸ್ ಒಂದೊಂದು ರನ್‌ಗೂ ಬೇರೆ ಲೈಸೆನ್ಸ್ ಬೇಕು ಎಂದಾಗ ಸ್ಕ್ವಾಟರ್‌ಗಳ ಪರ ನಿಂತವನು ಇವನೇ. 1853ರಲ್ಲಂತೂ ವಸಾಹತಿಗೆ ವಂಶಪಾರಂಪರ್ಯದ ಬಿರುದುಗಳು ಬೇಕು ಅಂದ! ಕೈದಿಯ ಮಗ ಇಲ್ಲಿಗೆ ಬಂದು ನಿಂತದ್ದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಡ್ಯಾನಿಯಲ್ ಡೆನಿಹಿ ಎಂಬ ಯುವಕ ಅದನ್ನು 'ಬನ್ಯಿಪ್ ಶ್ರೀಮಂತಿಕೆ' ಎಂದು ಗೇಲಿ ಮಾಡಿದ. ಬನ್ಯಿಪ್ ಎಂದರೆ ಅಲ್ಲಿನ ಮೂಲನಿವಾಸಿಗಳ ಕತೆಗಳಲ್ಲಿ ಜೌಗು ನೆಲದಲ್ಲಿ ಇರುವ ಭೂತಪ್ರಾಣಿ. ಬಿರುದಿನ ಯೋಚನೆ ಬಿದ್ದುಹೋಯಿತು.

ಇಷ್ಟೆಲ್ಲ ಜಗಳದಲ್ಲಿ ಆ ನೆಲ ಯಾರದ್ದಾಗಿತ್ತು ಎಂದು ಕೇಳಿದವರು ಕಡಿಮೆ, ಅಲ್ವಾ? 1838ರಲ್ಲಿ ಮಯಾಲ್ ಕ್ರೀಕ್‌ನ ರನ್ ಒಂದರಲ್ಲಿ ಕನಿಷ್ಠ 28 ಮೂಲನಿವಾಸಿಗಳನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಆ ಕೊಲೆಗೆ ಏಳು ಮಂದಿಗೆ ಗಲ್ಲಾಯಿತು. ಮೇವಿನ ಗುತ್ತಿಗೆ ಕೊಟ್ಟ ಮಾತ್ರಕ್ಕೆ ಮೂಲನಿವಾಸಿಗಳ ಹಕ್ಕು ಅಳಿಯಲೇಬೇಕೆಂದಿಲ್ಲ ಎಂದು ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) ಹೇಳಿದ್ದು 1996ರಲ್ಲಿ, ವಿಕ್ ಎಂಬ ಮೂಲನಿವಾಸಿ ಜನರ ಮೊಕದ್ದಮೆಯಲ್ಲಿ.