ಪದ ಪರಿಚಯ: ಅರ್ಧ ಫ್ಲಕ್ಸ್ ಕ್ವಾಂಟಮ್

ಅತಿವಾಹಕದ (ತುಂಬ ತಣ್ಣಗಾದಾಗ ತಡೆಯೇ ಇಲ್ಲದೆ ಕರೆಂಟ್ ಹರಿಸುವ ವಸ್ತು) ಒಂದು ಉಂಗುರವನ್ನು ಕಾಂತಕ್ಷೇತ್ರದಲ್ಲಿಟ್ಟು ಚೆನ್ನಾಗಿ ತಣ್ಣಗೆ ಮಾಡಿ. ಆಮೇಲೆ ಹೊರಗಿನ ಕಾಂತವನ್ನು ತೆಗೆದುಬಿಡಿ. ಉಂಗುರದ ತೂತಿನಲ್ಲಿ ಒಂದಿಷ್ಟು ಕಾಂತಕ್ಷೇತ್ರ ಹಾಗೇ ಸಿಕ್ಕಿಕೊಂಡಿರುತ್ತದೆ. ತಡೆಯಿಲ್ಲದೆ ಸುತ್ತುವ ಕರೆಂಟ್ ಅದನ್ನು ಬಿಡದೆ ಹಿಡಿದಿರುತ್ತದೆ. ತೂತಿನ ಮೂಲಕ ಹಾಯುವ ಕ್ಷೇತ್ರದ ಒಟ್ಟು ಮೊತ್ತಕ್ಕೆ ಫ್ಲಕ್ಸ್ ಅನ್ನುತ್ತಾರೆ.

ಈ ಫ್ಲಕ್ಸ್ ಮನಬಂದಷ್ಟು ಸಿಕ್ಕಿಕೊಳ್ಳುವುದಿಲ್ಲ. ಒಂದು, ಎರಡು, ಮೂರು ಹೀಗೆ ಇಡೀ ಲೆಕ್ಕದಲ್ಲೇ ಇರಬೇಕು. ಉಂಗುರವನ್ನು ಸುತ್ತಿ ಬಂದ ಎಲೆಕ್ಟ್ರಾನ್ ಜೋಡಿಗಳ ಅಲೆ ಹೊರಟಲ್ಲಿಗೇ ಸರಿಯಾಗಿ ಬಂದು ಕೂಡಬೇಕಲ್ವಾ, ಅದಕ್ಕೆ. 1961ರಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ತಂಡಗಳು ಇದನ್ನು ಅಳೆದು ತೋರಿಸಿದವು. ಆ 'ಒಂದು'ಕ್ಕೆ ಫ್ಲಕ್ಸ್ ಕ್ವಾಂಟಮ್ ಅನ್ನುತ್ತಾರೆ. ಅದು 2.07 × 10⁻¹⁵ ವೆಬರ್ (ಫ್ಲಕ್ಸ್ ಅಳೆಯುವ ಮಾನ). ಕೆಂಪು ರಕ್ತಕಣದಷ್ಟು ಅಗಲದ ತೂತಿನಲ್ಲಿ ಭೂಮಿಯ ಕಾಂತಕ್ಷೇತ್ರ ನೇರವಾಗಿ ಹಾಯ್ದರೆ ಎಷ್ಟೋ, ಹೆಚ್ಚುಕಡಿಮೆ ಅಷ್ಟು!

ಹಾಗಾದರೆ ಅರ್ಧ ಎಲ್ಲಿಂದ ಬಂತು? ವೈಬಿಸಿಒ ಥರದ ತಾಮ್ರದ ಆಕ್ಸೈಡ್‌ಗಳು ಅಸಾಂಪ್ರದಾಯಿಕ ಅತಿವಾಹಕಗಳು. ಇವುಗಳಲ್ಲಿ ಅಲೆ ಒಂದು ದಿಕ್ಕಿಗೆ ಪ್ಲಸ್ ಇದ್ದರೆ ಅದಕ್ಕೆ ಅಡ್ಡ ದಿಕ್ಕಿಗೆ ಮೈನಸ್. ಇದೇ ಡಿ-ವೇವ್. ಬೇರೆ ಬೇರೆ ಕಡೆಗೆ ತಿರುಗಿದ ಹರಳುಗಳನ್ನು ಜೋಡಿಸಿ ಉಂಗುರ ಮಾಡಿದರೆ, ಒಂದು ಸುತ್ತಿನಲ್ಲಿ ಪ್ಲಸ್ ಹೋಗಿ ಮೈನಸ್‌ಗೆ ಅಂಟುವ ಹಾಗೆ ಮಾಡಬಹುದು. ಜಡೆಯ ರಿಬ್ಬನ್ನನ್ನು ಒಂದು ಸಲ ತಿರುಚಿ ತುದಿ ಸೇರಿಸಿ ನೋಡಿ, ಮುಂಬದಿ ಹಿಂಬದಿಗೆ ಕೂಡುತ್ತದೆ. ಈ ತಪ್ಪಿದ ಲೆಕ್ಕವನ್ನು ಸರಿಮಾಡಲು ಉಂಗುರ ತಾನೇ ಕರೆಂಟ್ ಹರಿಸಿಕೊಂಡು ಅರ್ಧ ಕ್ವಾಂಟಮ್ ಹುಟ್ಟಿಸುತ್ತದೆ. ಹೊರಗಿನ ಕಾಂತವೇ ಬೇಡ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದೇ.

1994ರಲ್ಲಿ ಐಬಿಎಂನ ತ್ಸುಯೆ, ಕರ್ಟ್ಲಿ ಮತ್ತು ಜೊತೆಗಾರರು ಮೂರು ಹರಳು ಕೂಡುವ ತಳದ ಮೇಲೆ ನಾಲ್ಕು ವೈಬಿಸಿಒ ಉಂಗುರ ಮಾಡಿದರು. ಮೂರೂ ಹರಳು ಸೇರುವ ಜಾಗದ ಉಂಗುರದಲ್ಲಿ ಮಾತ್ರ ಅರ್ಧ ಕಂಡಿತು. ಉಳಿದ ಮೂರರಲ್ಲಿ ಇಲ್ಲ. ಇವುಗಳ ಅಲೆ ನಿಜಕ್ಕೂ ಡಿ-ವೇವ್ ಹೌದೇ ಎಂದು ನಡೆಯುತ್ತಿದ್ದ ವಾದದಲ್ಲಿ ಇದು ಹೌದು ಅನ್ನುವುದಕ್ಕೆ ದೊಡ್ಡ ಸಾಕ್ಷಿಯಾಯಿತು.

ಇಂಥ ಉಂಗುರಗಳ ಜಾಲ ಮಾಡಿದರೆ? ಪ್ರತಿ ಅರ್ಧವೂ ಮೇಲ್ಮುಖ ಇಲ್ಲವೇ ಕೆಳಮುಖ, ಎರಡೇ ದಾರಿ. ಅಕ್ಕಪಕ್ಕದವು ಎದುರು ಬದುರಾಗಲು ನೋಡುತ್ತವೆ. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಹಿಲ್ಗೆನ್‌ಕಾಂಪ್ ತಂಡ 2003ರಲ್ಲಿ ವೈಬಿಸಿಒ ಮತ್ತು ನಯೋಬಿಯಂ ಎಂಬ ಲೋಹವನ್ನು ಸೇರಿಸಿ ಅಂಥ ದೊಡ್ಡ ಜಾಲಗಳನ್ನು ಪ್ರಕಟಿಸಿತು. ಚೌಕದ ಜೋಡಣೆಯಲ್ಲಿ ಮೇಲೆ–ಕೆಳಗೆ ಸರದಿ ಸುಲಭ. ತ್ರಿಕೋನದಲ್ಲಿ ಇಬ್ಬರು ಎದುರಾದರೆ ಮೂರನೆಯದಕ್ಕೆ ಯಾವ ಕಡೆಯೂ ಸರಿಹೋಗುವುದಿಲ್ಲ.