ಪಿಯುಪಿ: ನಾವೇ ಒಪ್ಪಿ ಒಳಗೆ ಬಿಟ್ಟುಕೊಂಡ ಬೇಡದ ತಂತ್ರಾಂಶ

ಕಂಪ್ಯೂಟರ್ ನಿಧಾನವಾಯಿತೆಂದು ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲೋ ಸರ್ವಿಸ್ ಅಂಗಡಿಗೆ ಹೊತ್ತುಕೊಂಡು ಹೋದರೆ ಸಾಮಾನ್ಯವಾಗಿ ಸಿಗುವ ಉತ್ತರ: "ವೈರಸ್ ಬಂದಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು." ಎಷ್ಟೋ ಸಲ ಒಳಗಿರುವುದು ವೈರಸ್ಸೇ ಆಗಿರುವುದಿಲ್ಲ. ಯಾರೂ ಕರೆಯದೆ ಬಂದ ಟೂಲ್‌ಬಾರ್, ತಾನಾಗಿ ಬದಲಾದ ಸರ್ಚ್ ಪುಟ, "ನಿಮ್ಮ ಪಿಸಿಯಲ್ಲಿ ಸಾವಿರಾರು ದೋಷಗಳಿವೆ" ಎಂದು ದಿನವೂ ಹೆದರಿಸುವ ಕ್ಲೀನರ್, ವಿಡಿಯೋ ಪ್ಲೇಯರ್ ಜೊತೆ ಬಂದು ಕುಳಿತ ಇನ್ನೊಂದು ಬ್ರೌಸರ್: ಇಂಥವನ್ನೆಲ್ಲ ಸೇರಿಸಿ ಪಿಯುಪಿ, ಅಂದರೆ ಪೊಟೆನ್ಶಿಯಲಿ ಅನ್‌ವಾಂಟೆಡ್ ಪ್ರೋಗ್ರಾಂ ಎನ್ನುತ್ತಾರೆ. ಮೈಕ್ರೋಸಾಫ್ಟ್ ಇದನ್ನೇ ಪಿಯುಎ ಎಂದು ಬರೆಯುತ್ತದೆ.

ವೈರಸ್ ಕದ್ದು ನುಗ್ಗುತ್ತದೆ. ಪಿಯುಪಿ ನಮ್ಮ ಒಪ್ಪಿಗೆ ಪಡೆದೇ ಬರುತ್ತದೆ, ಆ ಒಪ್ಪಿಗೆಯನ್ನು ನಾವು ಗಮನಿಸದ ಹಾಗೆ ಪಡೆಯುತ್ತದೆ, ಅಷ್ಟೇ. ಆಂಟಿವೈರಸ್ ಕಂಪನಿಗಳು ಇದರ ಬಗ್ಗೆ ಅಳೆದು ತೂಗಿ ಮಾತಾಡುವುದಕ್ಕೂ ಇದೇ ಕಾರಣ. ತನ್ನ ತಂತ್ರಾಂಶವನ್ನು ಪಿಯುಪಿ ಪಟ್ಟಿಗೆ ಸೇರಿಸಿದ್ದಕ್ಕೆ ಎನಿಗ್ಮಾ ಸಾಫ್ಟ್‌ವೇರ್ ಎಂಬ ಕಂಪನಿ 2016ರಲ್ಲಿ ಅಮೆರಿಕದಲ್ಲಿ ಮಾಲ್‌ವೇರ್‌ಬೈಟ್ಸ್ ಎಂಬ ಆಂಟಿವೈರಸ್ ಕಂಪನಿಯ ಮೇಲೆ ದಾವೆಯನ್ನೇ ಹೂಡಿತು. "ಬಳಕೆದಾರರೇ ಒಪ್ಪಿಕೊಂಡಿದ್ದಾರಲ್ಲ" ಎಂಬ ವಾದ ಇಂಥ ತಯಾರಕರ ಕೈಯಲ್ಲಿ ಯಾವಾಗಲೂ ಇರುತ್ತದೆ.

ಒಪ್ಪಿಗೆ ಸಿಗುವುದು ಇನ್‌ಸ್ಟಾಲ್ ಮಾಡುವಾಗ. ನಮ್ಮ ಕಡೆ ಇದಕ್ಕೆ ಒಳ್ಳೆಯ ಉದಾಹರಣೆ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹುಡುಕಾಟ. ತಾಲ್ಲೂಕು ಕಚೇರಿಗೆ ಅರ್ಜಿ ಟೈಪ್ ಮಾಡಬೇಕೆಂದು "ನುಡಿ ಡೌನ್‌ಲೋಡ್" ಅಂತ ಹುಡುಕಿದರೆ ಯಾರ್ಯಾರದೋ ಜಾಲತಾಣಗಳೂ ಬರುತ್ತವೆ. ಅಂಥ ಪುಟಗಳಲ್ಲಿ ಎದ್ದು ಕಾಣುವ ಹಸಿರು ಡೌನ್‌ಲೋಡ್ ಬಟನ್ ಹೆಚ್ಚಾಗಿ ಜಾಹೀರಾತು. ಅದನ್ನು ಒತ್ತಿದರೆ ಇಳಿಯುವ ಫೈಲ್ ಒಂದೆರಡು ಎಂಬಿಗಿಂತ ಚಿಕ್ಕದಾಗಿದ್ದರೆ ಅನುಮಾನಪಡಿ: ಅದು ನಿಮಗೆ ಬೇಕಾದ ತಂತ್ರಾಂಶವಾಗಿರದೆ, ಅದನ್ನು ತರುವ ನೆಪದಲ್ಲಿ ಇನ್ನೂ ಮೂರ್ನಾಲ್ಕನ್ನು ಎಳೆದು ತರುವ ಡೌನ್‌ಲೋಡರ್ ಆಗಿರಬಹುದು. ನುಡಿ ಬೇಕಿದ್ದರೆ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ತೆಗೆದುಕೊಳ್ಳಿ. ಬರೀ ಯೂನಿಕೋಡ್ ಕನ್ನಡ ಸಾಕೆನ್ನುವವರಿಗೆ ಏನನ್ನೂ ಇಳಿಸುವ ಅಗತ್ಯವಿಲ್ಲ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆಂಡ್ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್, ಫೊನೆಟಿಕ್ ಎರಡೂ ಕೀಲಿಮಣೆ ಸಿಗುತ್ತವೆ.

ಇನ್‌ಸ್ಟಾಲ್ ಪರದೆಯಲ್ಲಿ ಎಕ್ಸ್‌ಪ್ರೆಸ್, ಕಸ್ಟಮ್ ಎಂದು ಎರಡು ದಾರಿ ಕಂಡರೆ ಕಸ್ಟಮ್ ಆರಿಸಿ. ಜೊತೆಗೆ ಬರುವವುಗಳ ಟಿಕ್ ಗುರುತು ಹೆಚ್ಚಾಗಿ ಅಲ್ಲೇ ಕಾಣುತ್ತದೆ. ಬೇಡ ಎನ್ನುವ ಬಟನ್‌ಗೆ ಬೂದು ಬಣ್ಣ ಹಚ್ಚಿ, ಒತ್ತಲು ಬಾರದ ಬಟನ್ ಎಂಬಂತೆ ತೋರಿಸುವುದು ಹಳೆಯ ಚಾಲಾಕಿ. ಅದು ಒತ್ತಲು ಬರುತ್ತದೆ. ಹೆಸರುವಾಸಿ ಕಂಪನಿಯದು ಎಂದಮಾತ್ರಕ್ಕೆ ಕಣ್ಣುಮುಚ್ಚಿ ನೆಕ್ಸ್ಟ್ ಒತ್ತಬಾರದು. ಒರೇಕಲ್ ಕಂಪನಿಯ ಜಾವಾ ಇನ್‌ಸ್ಟಾಲರ್ ಬಹಳ ವರ್ಷ ಆಸ್ಕ್ ಟೂಲ್‌ಬಾರನ್ನು ಟಿಕ್ ಹಾಕಿಯೇ ಮುಂದಿಡುತ್ತಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಆ ಟೂಲ್‌ಬಾರಿನ ಹಳೆಯ ಆವೃತ್ತಿಗಳನ್ನು ಬೇಡದ ತಂತ್ರಾಂಶವೆಂದು ಗುರುತಿಸಿತು.

ಹೊಸ ಲ್ಯಾಪ್‌ಟಾಪಿನಲ್ಲಿ ಕಂಪನಿಯೇ ತುಂಬಿ ಕಳಿಸುವವೂ ಇವೆ. ಹೆಚ್ಚಿನವು ನಿರುಪದ್ರವಿ, ಜಾಗ ತಿನ್ನುತ್ತವೆ ಅಷ್ಟೇ. ಎಲ್ಲವೂ ಹಾಗಲ್ಲ. 2014ರ ಕೊನೆಯ ತಿಂಗಳುಗಳಲ್ಲಿ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಹಾಕಿ ಮಾರಿತ್ತು. ಸುರಕ್ಷಿತ ಪುಟಗಳೊಳಗೂ ಜಾಹೀರಾತು ತೂರಿಸಲು ಅದು ವಿಂಡೋಸ್‌ನಲ್ಲಿ ತನ್ನದೇ ರೂಟ್ ಸರ್ಟಿಫಿಕೇಟ್, ಅಂದರೆ ಯಾವ ತಾಣ ಅಸಲಿ ಎಂದು ನಂಬಲು ವಿಂಡೋಸ್ ಆಧಾರವಾಗಿ ಇಟ್ಟುಕೊಳ್ಳುವ ಪ್ರಮಾಣಪತ್ರ, ನೆಟ್ಟಿತ್ತು. ಆ ಸರ್ಟಿಫಿಕೇಟಿನ ಗುಪ್ತ ಕೀಲಿ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಒಂದೇ. ಅದನ್ನು ಹೊರತೆಗೆದವರು ಬ್ಯಾಂಕಿನ ತಾಣವೆಂದು ನಂಬಿಸುವ ನಕಲಿ ಪುಟ ಕಟ್ಟಬಹುದಿತ್ತು. 2015ರ ಫೆಬ್ರುವರಿಯಲ್ಲಿ ವಿಷಯ ಬಯಲಾದಾಗ ಇನ್ನೊಂದು ಸಂಗತಿಯೂ ಗೊತ್ತಾಯಿತು: ಪ್ರೋಗ್ರಾಂ ಅನ್‌ಇನ್‌ಸ್ಟಾಲ್ ಮಾಡಿದರೂ ಸರ್ಟಿಫಿಕೇಟ್ ಅಲ್ಲೇ ಉಳಿಯುತ್ತಿತ್ತು.

ಪಿಯುಪಿ ತೆಗೆಯುವಾಗ ಜನ ಎಡವುವುದು ಇಲ್ಲೇ. ತೋಟದ ಮರಕ್ಕೆ ಹತ್ತಿದ ಬಂದಣಿಕೆಯ ಟೊಂಗೆ ಮುರಿದರೆ ಸಾಲದು, ಕಚ್ಚಿಕೊಂಡ ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಪಿಯುಪಿಗೆ ಅಂಥ ಬುಡಗಳು ಏಳೆಂಟು ಕಡೆ ಇರುತ್ತವೆ.

ಕೆಲಸಕ್ಕೆ ಮೊದಲು ಸ್ಟಾರ್ಟ್ ಮೆನುವಿನಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಹುಡುಕಿ, ಏನಾದರೂ ಕೆಟ್ಟರೆ ಈಗಿನ ಸ್ಥಿತಿಗೆ ಮರಳಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್, ಆಪ್ಸ್, ಇನ್‌ಸ್ಟಾಲ್ಡ್ ಆಪ್ಸ್. ವಿಂಡೋಸ್ 10ರಲ್ಲಿ ಇದರ ಹೆಸರು ಆಪ್ಸ್ ಆಂಡ್ ಫೀಚರ್ಸ್. ಪಟ್ಟಿಯನ್ನು ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ತೊಂದರೆ ಶುರುವಾದ ದಿನ ಒಟ್ಟಿಗೆ ಬಂದವು ಸಾಲಾಗಿ ಕಾಣುತ್ತವೆ. ಹೆಸರು ಪರಿಚಯವಿಲ್ಲ ಎಂದು ಮೈಕ್ರೋಸಾಫ್ಟ್ ವಿಷುಯಲ್ ಸಿ ಪ್ಲಸ್ ಪ್ಲಸ್, ಇಂಟೆಲ್, ರಿಯಲ್‌ಟೆಕ್ ಇವನ್ನು ಕಿತ್ತುಹಾಕಬೇಡಿ. ಮೊದಲನೆಯದು ಹೋದರೆ ಅದನ್ನು ನೆಚ್ಚಿಕೊಂಡ ಬೇರೆ ಪ್ರೋಗ್ರಾಂಗಳು ತೆರೆಯುವುದಿಲ್ಲ, ರಿಯಲ್‌ಟೆಕ್ ಹೋದರೆ ಧ್ವನಿ ಕೈಕೊಡಬಹುದು. ಪಿಯುಪಿಗಳ ಅನ್‌ಇನ್‌ಸ್ಟಾಲರ್ ಕೂಡ ಕೊನೇ ಗಳಿಗೆಯಲ್ಲಿ "ಅರ್ಧ ಬೆಲೆಗೆ ಕೊಡ್ತೀವಿ, ಇಟ್ಕೊಳ್ಳಿ" ಎಂದು ಗೋಗರೆಯುತ್ತದೆ. ಯಾವ ಬಟನ್ ಒತ್ತುತ್ತಿದ್ದೀರಿ ಎಂದು ಓದಿ ಒತ್ತಿ.

ಮುಂದಿನದು ಟಾಸ್ಕ್ ಮ್ಯಾನೇಜರ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಸ್ಟಾರ್ಟಪ್ ಭಾಗದಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಅಲ್ಲಿ ಇಲ್ಲದ್ದು, ನಿಗದಿತ ಹೊತ್ತಿಗೆ ಪ್ರೋಗ್ರಾಂಗಳನ್ನು ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಡಗಿರಬಹುದು. ತೆಗೆದ ಪ್ರೋಗ್ರಾಂ ರೀಸ್ಟಾರ್ಟ್ ಆದ ಕೂಡಲೇ ಮರಳಿ ಬರುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಅದೇ.

ಬ್ರೌಸರಿನಲ್ಲಿ ಎಕ್ಸ್‌ಟೆನ್ಶನ್ ಪಟ್ಟಿ, ಸರ್ಚ್ ಎಂಜಿನ್, ಆರಂಭದ ಪುಟ ಮೂರನ್ನೂ ನೋಡಿ. ಡೆಸ್ಕ್‌ಟಾಪಿನ ಬ್ರೌಸರ್ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಟಾರ್ಗೆಟ್ ಎಂಬ ಸಾಲು ಇರುತ್ತದೆ. ಅದರ ಕೊನೆಗೆ ಯಾವುದೋ ಜಾಲತಾಣದ ವಿಳಾಸ ಅಂಟಿಸಿದ್ದರೆ ಎಷ್ಟು ಸೆಟ್ಟಿಂಗ್ ಬದಲಿಸಿದರೂ ಅದೇ ಪುಟ ತೆರೆಯುತ್ತದೆ. ಎಕ್ಸ್‌ಟೆನ್ಶನ್ ತೆಗೆಯಲು ಬಿಡದೆ, ಕ್ರೋಮ್ ಮೆನುವಿನ ಅಡಿಯಲ್ಲಿ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಎಂದು ಕಂಡರೆ ಯಾರೋ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗದಲ್ಲಿ) ಪಾಲಿಸಿ, ಅಂದರೆ ಬ್ರೌಸರಿಗೆ ಕಟ್ಟಳೆ, ಬರೆದಿದ್ದಾರೆ ಎಂದರ್ಥ. ಕಾಲೇಜಿನದೋ ಆಫೀಸಿನದೋ ಲ್ಯಾಪ್‌ಟಾಪ್ ಆದರೆ ಅದು ಸಹಜ, ಮನೆಯ ಕಂಪ್ಯೂಟರಿನಲ್ಲಿ ಕಂಡರೆ ವಿಚಾರಿಸಬೇಕು. ಕೆಲವು ಆಂಟಿವೈರಸ್‌ಗಳೂ ಹೀಗೆ ಪಾಲಿಸಿ ಬರೆಯುವುದುಂಟು.

ಎಲ್ಲ ತೆಗೆದಾದ ಮೇಲೆ ಇಂಟರ್ನೆಟ್ಟೇ ನಿಂತುಹೋದರೆ ಗಾಬರಿ ಬೇಡ, ಮೋಡೆಮ್ಮನ್ನೂ ಬೈಯಬೇಡಿ. ಜಾಹೀರಾತು ತೂರಿಸುವ ಪಿಯುಪಿಗಳು ಇಂಟರ್ನೆಟ್ ಸಂಚಾರವನ್ನೆಲ್ಲ ತಮ್ಮ ಮೂಲಕ ಹಾಯಿಸಲು ಪ್ರಾಕ್ಸಿ ಹಾಕಿರುತ್ತವೆ. ಪ್ರೋಗ್ರಾಂ ಹೋದರೂ ಪ್ರಾಕ್ಸಿ ವಿಳಾಸ ಉಳಿಯುತ್ತದೆ, ಆ ವಿಳಾಸದಲ್ಲಿ ಉತ್ತರಿಸುವವರು ಇರುವುದಿಲ್ಲ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿಗೆ ಹೋಗಿ ನೋಡಿ. ಮ್ಯಾನುಯಲ್ ಪ್ರಾಕ್ಸಿ ಆನ್ ಆಗಿದ್ದು 127.0.0.1 (ಅಂದರೆ ಇದೇ ಕಂಪ್ಯೂಟರ್) ಎಂಬ ವಿಳಾಸ ಇದ್ದರೆ ಆಫ್ ಮಾಡಿ.

ಉಳಿದ ಚೂರುಪಾರಿಗೆ ಮಾಲ್‌ವೇರ್‌ಬೈಟ್ಸ್‌ನ ಆಡ್‌ಡಬ್ಲ್ಯೂ ಕ್ಲೀನರ್ ಒಳ್ಳೆಯದು. ಉಚಿತ, ಇನ್‌ಸ್ಟಾಲ್ ಮಾಡಬೇಕಿಲ್ಲ, ಕ್ರೋಮ್ ಪಾಲಿಸಿ ಅಳಿಸುವ ಆಯ್ಕೆಯೂ ಇದೆ. ಇನ್ನೂ ಅನುಮಾನ ಉಳಿದರೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ತಪಾಸಣೆ ನಡೆಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕದಿರುವುದು ಲೇಸು.

ವಿಂಡೋಸ್‌ನಲ್ಲೇ ಪಿಯುಪಿ ತಡೆ ಇದೆ. ವಿಂಡೋಸ್ ಸೆಕ್ಯುರಿಟಿ, ಆಪ್ ಆಂಡ್ ಬ್ರೌಸರ್ ಕಂಟ್ರೋಲ್, ರೆಪ್ಯುಟೇಶನ್ ಬೇಸ್ಡ್ ಪ್ರೊಟೆಕ್ಷನ್ ದಾರಿಯಲ್ಲಿ ಹೋದರೆ ಬ್ಲಾಕ್ ಆಪ್ಸ್, ಬ್ಲಾಕ್ ಡೌನ್‌ಲೋಡ್ಸ್ ಎಂದು ಎರಡು ಟಿಕ್ ಸಿಗುತ್ತವೆ. ಎರಡನೆಯದು ಎಡ್ಜ್ ಬ್ರೌಸರಿಗೆ ಮಾತ್ರ ಅನ್ವಯ, ಕ್ರೋಮ್ ಬಳಸುವವರಿಗೆ ಕೆಲಸಕ್ಕೆ ಬರುವುದು ಮೊದಲನೆಯದೇ.

ಪಿಯುಪಿ ಎಂದು ಜನ ತಪ್ಪು ತಿಳಿಯುವ ಒಂದು ಕಾಟವಿದೆ. ಕಾಫಿ, ಮೆಣಸಿನ ಧಾರಣೆ ನೋಡಲೆಂದು ಯಾವುದೋ ತಾಣಕ್ಕೆ ಹೋದಾಗ "ನೀವು ರೋಬೋ ಅಲ್ಲ ಎಂದು ತೋರಿಸಲು ಅಲೌ ಒತ್ತಿ" ಎಂದು ಬರಬಹುದು. ಒತ್ತಿದರೆ ಆಮೇಲೆ ಪರದೆಯ ಬಲಮೂಲೆಯಲ್ಲಿ "ಐದು ವೈರಸ್ ಸಿಕ್ಕಿವೆ" ಎಂಬ ಪೆಟ್ಟಿಗೆಗಳು ಏಳುತ್ತಲೇ ಇರುತ್ತವೆ. ಇದು ಬರೀ ಬ್ರೌಸರ್ ನೋಟಿಫಿಕೇಶನ್. ಪ್ರೋಗ್ರಾಂ ಏನೂ ಒಳಗೆ ಬಂದಿಲ್ಲವಾದ್ದರಿಂದ ಯಾವ ಸ್ಕ್ಯಾನಿಗೂ ಏನೂ ಸಿಗುವುದಿಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಆ ತಾಣವನ್ನು ತೆಗೆದರೆ ಮುಗಿಯಿತು. ಆ ಪೆಟ್ಟಿಗೆಯಲ್ಲಿ ಕಂಡ ನಂಬರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಎನಿಡೆಸ್ಕ್‌ನಂಥ ರಿಮೋಟ್ ತಂತ್ರಾಂಶ ಹಾಕಿದ್ದರೆ ಮಾತೇ ಬೇರೆ. ಮೊದಲು ಇಂಟರ್ನೆಟ್ ಕಿತ್ತು, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

"ಪಿಸಿ ವೇಗ ಹೆಚ್ಚಿಸುತ್ತೇವೆ" ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳನ್ನು ಹತ್ತಿರ ಸೇರಿಸದಿರುವುದೇ ಒಳ್ಳೆಯದು. ರಿಜಿಸ್ಟ್ರಿಯಲ್ಲಿ ಉಳಿದ ಹಳೆಯ ನಮೂದುಗಳು ಕೆಲವು ಕೆಬಿಯಷ್ಟು ಇರಬಹುದು, ಅವುಗಳಿಂದ ವೇಗ ತಗ್ಗುವುದಿಲ್ಲ. ತಪ್ಪು ನಮೂದು ಅಳಿಸಿದರೆ ಮಾತ್ರ ವಿಂಡೋಸ್ ಏಳುವುದೇ ಕಷ್ಟ. ಮೈಕ್ರೋಸಾಫ್ಟ್ ಕೂಡ ಇವುಗಳ ಬಳಕೆಯನ್ನು ಬೆಂಬಲಿಸುವುದಿಲ್ಲ. ಜನಪ್ರಿಯವಾದ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ 2017ರಲ್ಲಿ ಹ್ಯಾಕರ್‌ಗಳು ಹಿಂಬಾಗಿಲು ಸೇರಿಸಿ, ಅದು ಅಧಿಕೃತ ತಾಣದಿಂದಲೇ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಇಳಿದಿತ್ತು. ಜಾಗ ಖಾಲಿ ಮಾಡಲು ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಸಾಕು.

ಇಷ್ಟಾದರೂ ನಿಧಾನವೇ? ಹಾಗಾದರೆ ಪಿಯುಪಿ ಮೇಲೆ ತಪ್ಪು ಹೊರಿಸಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಕಾಲಂ ಸದಾ 100% ತೋರಿಸುತ್ತಿದ್ದು, ಒಳಗಿರುವುದು ಹಳೆಯ ಹಾರ್ಡ್ ಡಿಸ್ಕ್ ಆದರೆ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು. ಮೆಮೊರಿ 4 ಜಿಬಿ ಮಾತ್ರ ಇದ್ದರೆ 8 ಮಾಡಿಸಿ. ಎಸ್‌ಎಸ್‌ಡಿಗೆ ಡಿಫ್ರ್ಯಾಗ್ ತಂತ್ರಾಂಶ ಓಡಿಸಬೇಡಿ, ಅದಕ್ಕೆ ಬೇಕಾದ ಟ್ರಿಮ್ ಎಂಬ ನಿರ್ವಹಣೆಯ ಕೆಲಸ ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ.

ಫಾರ್ಮ್ಯಾಟ್ ಮಾಡಲೇಬೇಕಾದಾಗಲೂ ಅಂಗಡಿಗೆ ಒಯ್ಯುವ ಮೊದಲು ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ "ರೀಸೆಟ್ ದಿಸ್ ಪಿಸಿ" ನೋಡಿ. "ಕೀಪ್ ಮೈ ಫೈಲ್ಸ್" ಆರಿಸಿದರೆ ಫೋಟೋ, ಕಾಗದಪತ್ರ ಉಳಿಯುತ್ತವೆ. ಆದರೆ ನುಡಿ, ಟ್ಯಾಲಿ, ಪ್ರಿಂಟರ್ ತಂತ್ರಾಂಶ ಎಲ್ಲ ಹೋಗುತ್ತವೆ. ಟ್ಯಾಲಿಯ ಡೇಟಾ ಫೋಲ್ಡರ್ ಡಾಕ್ಯುಮೆಂಟ್ಸ್‌ನ ಹೊರಗಿದ್ದರೆ ಅದನ್ನು ಮೊದಲೇ ಪೆನ್‌ಡ್ರೈವ್‌ಗೆ ತೆಗೆದಿಡಿ. ಕೆಲವು ಕಂಪನಿಗಳ ಲ್ಯಾಪ್‌ಟಾಪಿನಲ್ಲಿ, ತಯಾರಕರು ಹಾಕಿಕೊಟ್ಟಿದ್ದ ಆಪ್‌ಗಳನ್ನು ಮರಳಿ ಹಾಕಬೇಕೇ ಎಂಬ ಸ್ವಿಚ್ ಹೆಚ್ಚುವರಿ ಸೆಟ್ಟಿಂಗ್‌ನೊಳಗೆ ಇರುತ್ತದೆ. ಅದನ್ನು ಆಫ್ ಮಾಡಿಯೇ ಮುಂದುವರಿಯಿರಿ.