ಚೆಂಡು ಇಸಿದುಕೊಳ್ಳುವ ಕೈ: ಫ್ರಾಂಕ್ ರಾಬಿನ್ಸನ್ ಮ್ಯಾನೇಜರ್ ಆದ ಬಗೆ

1972ರ ಅಕ್ಟೋಬರ್ 15, ಸಿನ್ಸಿನಾಟಿ. ಅಮೆರಿಕದ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯಕ್ಕೆ ಮುನ್ನ ಜಾಕಿ ರಾಬಿನ್ಸನ್ ಅವರಿಗೆ ಸನ್ಮಾನ. ಬಿಳಿಯರಷ್ಟೇ ಆಡುತ್ತಿದ್ದ ಮೇಜರ್ ಲೀಗ್ ಬೇಸ್‌ಬಾಲ್‌ಗೆ ಕಪ್ಪು ವರ್ಣೀಯರಾದ ಅವರು ಕಾಲಿಟ್ಟು, ವರ್ಣದ ಗೋಡೆ ಒಡೆದು 25 ವರ್ಷವಾಗಿತ್ತು. ಮಧುಮೇಹದಿಂದ ಕಣ್ಣು ಬಹುತೇಕ ಹೋಗಿತ್ತು, ತಲೆ ನರೆತಿತ್ತು. ವಯಸ್ಸು ಬರೀ 53. ಕೃತಜ್ಞತೆ ಹೇಳಿ ಮುಗಿಸಬಹುದಿತ್ತು. ಆದರೆ ತಂಡ ನಡೆಸುವ ಜಾಗದಲ್ಲಿ ಒಂದು ಕಪ್ಪು ಮುಖ ಕಂಡರೆ ತಮಗೆ ಇನ್ನೂ ಹೆಚ್ಚಿನ ಸಂತೋಷ ಎಂದೂ ಸೇರಿಸಿದರು. ಒಂಬತ್ತು ದಿನಕ್ಕೆ ತೀರಿಕೊಂಡರು.

ನಮ್ಮ ಕ್ರಿಕೆಟ್ ತಂಡದ ಮ್ಯಾನೇಜರ್ ಎಂದರೆ ಹೋಟೆಲು, ಪ್ರಯಾಣ ನೋಡಿಕೊಳ್ಳುವವರು. ಬೇಸ್‌ಬಾಲ್‌ನಲ್ಲಿ ನಾಯಕನ ಕೆಲಸವೆಲ್ಲ ಮ್ಯಾನೇಜರ್‌ನದೇ. ಆಟಗಾರರಂತೆಯೇ ಸಮವಸ್ತ್ರ ತೊಟ್ಟು ಮೈದಾನದಂಚಿನ ಡಗೌಟ್‌ನಲ್ಲಿ, ಆಟಗಾರರು ಕೂರುವ ಜಾಗದಲ್ಲಿ, ಇರುತ್ತಾರೆ, ಬ್ಯಾಟಿಂಗ್ ಸರದಿ ಬರೆಯುತ್ತಾರೆ. ಚೆಂಡು ಎಸೆಯುವ ಪಿಚರ್ ಸೋತನೆನಿಸಿದರೆ ನಡುಮೈದಾನಕ್ಕೆ ನಡೆದು ಹೋಗಿ, ಸಾವಿರಾರು ಜನರೆದುರು ಅವನ ಕೈಯಿಂದ ಚೆಂಡು ಇಸಿದುಕೊಳ್ಳುತ್ತಾರೆ. ಬಿಳಿಯ ಪಿಚರ್‌ನ ಕೈಯಿಂದ ಕಪ್ಪು ವರ್ಣೀಯರೊಬ್ಬರು ಚೆಂಡು ಕೇಳುವುದೇ? ತಂಡಗಳ ಮಾಲೀಕರ ತೊಡಕು ಅಲ್ಲಿತ್ತು ಎಂದೇ ನನ್ನ ಎಣಿಕೆ. ಕಪ್ಪು ವರ್ಣೀಯರ ಲೀಗಿನಲ್ಲಿ ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡವನ್ನು ವರ್ಷಗಟ್ಟಲೆ ನಡೆಸಿದ್ದ ಬಕ್ ಓನೀಲ್ ಅವರನ್ನು 1962ರಲ್ಲಿ ಶಿಕಾಗೊ ಕಬ್ಸ್ ಕೋಚ್ ಮಾಡಿಕೊಂಡಿತು. ಮೇಜರ್ ಲೀಗ್‌ನ ಮೊದಲ ಕಪ್ಪು ವರ್ಣೀಯ ಕೋಚ್ ಅವರು. ಆದರೂ ಪಂದ್ಯ ನಡೆಯುವಾಗ ಬೇಸ್ ಪಕ್ಕ ನಿಂತು ಓಟಗಾರರಿಗೆ ಸನ್ನೆ ಮಾಡುವ ಅವಕಾಶ ಅವರಿಗೆ ಸಿಗಲಿಲ್ಲ.

ಫ್ರಾಂಕ್ ರಾಬಿನ್ಸನ್ ಜಾಕಿಯ ನೆಂಟರೇನಲ್ಲ, ಹೆಸರಷ್ಟೇ ಒಂದು. ಮೇಜರ್ ಲೀಗ್ ಎಂದರೆ ನ್ಯಾಷನಲ್, ಅಮೆರಿಕನ್ ಎಂಬ ಎರಡು ಲೀಗ್. 1961ರಲ್ಲಿ ಅವರು ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ. ವಯಸ್ಸಾಯಿತೆಂದು 30ರಲ್ಲೇ ಸಿನ್ಸಿನಾಟಿ ಅವರನ್ನು ಬಾಲ್ಟಿಮೋರ್‌ಗೆ ದಾಟಿಸಿತು. ಮರುವರ್ಷವೇ, 1966ರಲ್ಲಿ, ಅಲ್ಲಿ 49 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಹೊಡೆದು ಅಮೆರಿಕನ್ ಲೀಗ್‌ನಲ್ಲೂ ಅದೇ ಗೌರವ ಪಡೆದರು. ಎರಡೂ ಲೀಗಿನಲ್ಲಿ ಅದನ್ನು ಪಡೆದವರು ಆಗ ಬೇರಾರೂ ಇರಲಿಲ್ಲ. ಮ್ಯಾನೇಜರ್ ಆಗಬೇಕೆಂಬ ಆಸೆಯನ್ನು ಅವರು ಮುಚ್ಚಿಟ್ಟುಕೊಳ್ಳಲಿಲ್ಲ. 1968ರಿಂದ ಚಳಿಗಾಲದಲ್ಲಿ ಪೋರ್ಟೊ ರಿಕೊಗೆ ಹೋಗಿ ಸಾಂತುರ್ಸೆ ತಂಡವನ್ನು ನಡೆಸಿ ಕೆಲಸ ಕಲಿತರು. ಬೇಸಿಗೆಯಲ್ಲಿ ತಾರೆ, ಚಳಿಗಾಲದಲ್ಲಿ ಉಮೇದುವಾರ.

1974ರ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ಅವರನ್ನು ಮ್ಯಾನೇಜರ್ ಎಂದು ಘೋಷಿಸಿತು, ಮೇಜರ್ ಲೀಗ್‌ನ ಮೊದಲ ಕಪ್ಪು ವರ್ಣೀಯ ಮ್ಯಾನೇಜರ್. ಆದರೆ ಆಟವನ್ನೂ ಆಡಬೇಕಿತ್ತು. ಒಂದೇ ಹೆಗಲಿಗೆ ಎರಡು ನೊಗ.

1975ರ ಏಪ್ರಿಲ್ 8, ಕ್ಲೀವ್‌ಲ್ಯಾಂಡ್. ಎದುರಾಳಿ ನ್ಯೂಯಾರ್ಕ್ ಯಾಂಕೀಸ್. ಚಳಿಯಲ್ಲೂ 56 ಸಾವಿರಕ್ಕೂ ಹೆಚ್ಚು ಜನ. ಮೊದಲ ಚೆಂಡನ್ನು ಎಸೆದವರು ಜಾಕಿಯ ಪತ್ನಿ ರೇಚಲ್ ರಾಬಿನ್ಸನ್. ಫ್ರಾಂಕ್ ಸರದಿಯಲ್ಲಿ ತಮ್ಮ ಹೆಸರನ್ನು ಎರಡನೆಯದಾಗಿ ಬರೆದುಕೊಂಡಿದ್ದರು, ಫೀಲ್ಡಿಂಗ್‌ಗೆ ಇಳಿಯದೆ ಬ್ಯಾಟ್ ಮಾತ್ರ ಬೀಸುವ ಆಟಗಾರನಾಗಿ. ಮೊದಲ ಸಲವೇ ಹೋಮ್ ರನ್ ಹೊಡೆದುಬಿಡು ಎಂದು ಆಟಗಾರರ ನೇಮಕ ನೋಡಿಕೊಳ್ಳುವ ಅಧಿಕಾರಿ, ತಂಡದ ಜನರಲ್ ಮ್ಯಾನೇಜರ್ ಫಿಲ್ ಸೆಘಿ ಕಿಚಾಯಿಸಿದ್ದರಂತೆ. ಡಾಕ್ ಮೆಡಿಚ್ ಎಸೆದರು. ಎರಡು ಸ್ಟ್ರೈಕ್ ಆದ ಮೇಲೆ (ಮೂರಾದರೆ ಔಟ್) ಫ್ರಾಂಕ್ ಬೀಸಿದ ಚೆಂಡು ಎಡಗಡೆಯ ಬೇಲಿ ದಾಟಿತು. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಪಂದ್ಯ 5-3ರಲ್ಲಿ ಕ್ಲೀವ್‌ಲ್ಯಾಂಡ್‌ನದು. ಅಂದು ಕೊನೆಯವರೆಗೂ ಎಸೆದ ಪಿಚರ್ ಗೇಲಾರ್ಡ್ ಪೆರಿ; ಅವರಿಂದ ಚೆಂಡು ಇಸಿದುಕೊಳ್ಳುವ ಪ್ರಸಂಗವೇ ಬರಲಿಲ್ಲ. ಇಬ್ಬರಿಗೂ ಹೊಂದಾಣಿಕೆಯಾಗದೆ ಜೂನ್‌ನಲ್ಲಿ ಪೆರಿ ಬೇರೆ ತಂಡಕ್ಕೆ ಹೋದರು.

1976ರಲ್ಲಿ ತಂಡ 81 ಪಂದ್ಯ ಗೆದ್ದು 78 ಸೋತಿತು. ಸೋಲಿಗಿಂತ ಗೆಲುವು ಹೆಚ್ಚಾದ ವರ್ಷವನ್ನು ಕ್ಲೀವ್‌ಲ್ಯಾಂಡ್ 1968ರ ನಂತರ ಕಂಡಿರಲಿಲ್ಲ. ಆದರೂ 1977ರ ಜೂನ್‌ನಲ್ಲಿ ಅವರನ್ನು ತೆಗೆದುಹಾಕಿದರು. ಮ್ಯಾನೇಜರ್‌ಗಳನ್ನು ತೆಗೆಯುವುದು ಆ ಆಟದಲ್ಲಿ ಮಾಮೂಲು. ಬಿಳಿಯರಿಗೆ ಮತ್ತೆ ಕರೆ ಬರುತ್ತಿದ್ದಷ್ಟು ಸುಲಭವಾಗಿ ಉಳಿದವರಿಗೆ ಬರುತ್ತಿರಲಿಲ್ಲ. ಫ್ರಾಂಕ್‌ಗೆ ಸ್ಯಾನ್ ಫ್ರಾನ್ಸಿಸ್ಕೊದ ಕೆಲಸ ದೊರೆತದ್ದು 1981ರಲ್ಲಿ.

1987ರ ಏಪ್ರಿಲ್‌ನಲ್ಲಿ ಡಾಡ್ಜರ್ಸ್ ತಂಡದ ಹಿರಿಯ ಅಧಿಕಾರಿ ಅಲ್ ಕ್ಯಾಂಪಾನಿಸ್ ಟಿ.ವಿ.ಯಲ್ಲಿ ಕುಳಿತು, ಮ್ಯಾನೇಜರ್ ಆಗಲು ಬೇಕಾದ ಕೆಲವು ಗುಣಗಳು ಕಪ್ಪು ವರ್ಣೀಯರಲ್ಲಿ ಇಲ್ಲದಿರಬಹುದು ಎಂದರು. 1946ರಲ್ಲಿ ಮಾಂಟ್ರಿಯಲ್‌ನಲ್ಲಿ ಜಾಕಿಯ ಜೊತೆಗೇ ಆಡಿದ್ದ ಮನುಷ್ಯ ಇವರು! ಎರಡೇ ದಿನದಲ್ಲಿ ಹುದ್ದೆ ಬಿಡಬೇಕಾಯಿತು. ಅಲ್ಲಿಯವರೆಗೆ ಮ್ಯಾನೇಜರ್ ಆಗಿ ನೇಮಕಗೊಂಡಿದ್ದ ಕಪ್ಪು ವರ್ಣೀಯರು ಮೂವರೇ: ಫ್ರಾಂಕ್, ಲ್ಯಾರಿ ಡೋಬಿ, ಮೌರಿ ವಿಲ್ಸ್.

ಮರುವರ್ಷ ಬಾಲ್ಟಿಮೋರ್ ಮೊದಲ ಆರೂ ಪಂದ್ಯ ಸೋತು, ಫ್ರಾಂಕ್ ಕೈಗೆ ತಂಡ ಕೊಟ್ಟಿತು. ಆಮೇಲೂ ಸತತ 15 ಸೋಲು. ಅದೇ ತಂಡ 1989ರಲ್ಲಿ 87 ಪಂದ್ಯ ಗೆದ್ದಿತು, ಅವರು ಲೀಗಿನ ವರ್ಷದ ಮ್ಯಾನೇಜರ್ ಆದರು. ವಿಭಾಗದ ಪ್ರಶಸ್ತಿ ತೀರ್ಮಾನವಾಗಬೇಕಿದ್ದ ಕೊನೆಯ ವಾರಾಂತ್ಯದಲ್ಲಿ ಟೊರಾಂಟೊದಲ್ಲಿ ಮೂರು ಪಂದ್ಯ. ಮೊದಲ ಎರಡನ್ನೂ ಬಾಲ್ಟಿಮೋರ್ ಒಂದೊಂದೇ ರನ್‌ನಿಂದ ಸೋತಿತು. ಎದುರಿನ ಡಗೌಟ್‌ನಲ್ಲಿ ಗೆದ್ದು ನಿಂತ ಮ್ಯಾನೇಜರ್ ಸಿಟೊ ಗ್ಯಾಸ್ಟನ್. ಅವರೂ ಕಪ್ಪು ವರ್ಣೀಯರೇ.